ಉಬ್ಬಿನ ಮುಂದೆ ಇಳಿಯುವವಳು

ಜಹೀರಾಬಾದ್
ಭಾನುವಾರ, ೧೮ ಜನವರಿ ೨೦೨೬

ಪ್ರೀತಿಯ ಶ್ರೀಪ್ರಿಯಾ, ನನ್ನ ತಾಯೀ,

ಹೇಗಿದ್ದೀ? ಪಾದದ ಬಾವು ಇಳಿಯಿತೇ? ಲಾತೂರಿನಲ್ಲಿ ಈ ವರ್ಷ ಚಳಿ ಜಾಸ್ತಿ ಎಂದು ಕೇಳಿದೆ. ಬೆಳಿಗ್ಗೆ ಬರಿಗಾಲಿನಲ್ಲಿ ತಣ್ಣನೆಯ ಫರಸಿಕಲ್ಲಿನ ನೆಲದ ಮೇಲೆ ಓಡಾಡಬೇಡ. ನಿನ್ನ ಅತ್ತೆ ದೇವಿಕಾಬಾಯಿಯವರು ರಾತ್ರಿ ಹಾಲಿಗೆ ಅರಿಶಿನ ಹಾಕಿ ಕೊಡುತ್ತಾರೆ ಎಂದು ಅಳಿಯ ಅಮೇಯ ಹೇಳಿದರು, ಮನಸ್ಸಿಗೆ ಸಮಾಧಾನವಾಯಿತು. ನನ್ನ ಚಿಂತೆ ಮಾಡಬೇಡ. ಆರೋಗ್ಯ ಚೆನ್ನಾಗಿದೆ. ರೊಟ್ಟಿ ಇನ್ನೂ ಗುಂಡಗೆ ಬರುತ್ತಿಲ್ಲ, ಆದರೆ ಹೊಟ್ಟೆಯೊಳಗೆ ಹೋದ ಮೇಲೆ ಅದನ್ನು ಯಾರು ನೋಡುತ್ತಾರೆ? ನಿಮ್ಮವ್ವ ಹೋದ ಮೇಲೆ ಬಂದ ಮೊದಲ ಸಂಕ್ರಾಂತಿ, ಹಬ್ಬ ಮಾಡುವ ಹಾಗಿರಲಿಲ್ಲ. ಆದರೂ ಅಕ್ಕಪಕ್ಕದವರು ಎಳ್ಳು ಕೊಟ್ಟು ಹೋದರು. ಡಬ್ಬಿಯಲ್ಲಿ ಇಟ್ಟಿದ್ದೇನೆ.

ಹೋದ ವಾರ ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಕಾರು ಮಾರಿಬಿಡಿ, ಈ ವಯಸ್ಸಿನಲ್ಲಿ ಒಬ್ಬರೇ ಅದರಲ್ಲಿ ಓಡಾಡುವುದು ಬೇಡ ಅಂದೆ. ಆಮೇಲೆ, ಅವ್ವನೇ ಇಲ್ಲದ ಮೇಲೆ ಅದು ಯಾತರ ತವರು, ಹೆರಿಗೆ ಲಾತೂರಿನಲ್ಲೇ ಆಗಲಿ ಅಂದೆ. ಎರಡಕ್ಕೂ ನಾನು ಹೂಂ ಅಂದೆ. ನಿನಗೆ ಗೊತ್ತಿದೆ, ಫೋನು ಕೈಗೆ ಬಂದರೆ ನನಗೆ ಹೂಂ ಬಿಟ್ಟು ಬೇರೆ ಬರುವುದಿಲ್ಲ. ಮೂವತ್ತೆರಡು ವರ್ಷ ಈ ಮನೆಯ ಮಾತೆಲ್ಲ ನಿಮ್ಮವ್ವನೇ ಆಡಿದಳು. ನನಗೆ ರೂಢಿಯಾದದ್ದು ಡೈರಿಯಲ್ಲಿ ದಿನಕ್ಕೆ ನಾಲ್ಕು ಸಾಲು. ಬೀದರಿನ ಸಾಲೆಯಲ್ಲಿ ಹತ್ತನೆಯ ತರಗತಿ, ಆಮೇಲೆ ಐ.ಟಿ.ಐ., ಇಷ್ಟೇ ನನ್ನ ವಿದ್ಯೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ಕಾರಿನ ಸುದ್ದಿ ಮೊದಲು ಹೇಳುತ್ತೇನೆ. ಕೊಳ್ಳಲು ಹೈದರಾಬಾದಿನಿಂದ ಮಿಲಿಂದ್ ಎಂಬುವರು ಈ ವಾರ ಬರುವವರಿದ್ದರು. ಬೇಸಿಗೆಯಲ್ಲಿ ನಿಮ್ಮವ್ವ ಜ್ವರದಲ್ಲಿ ಹೋದಂದಿನಿಂದ ಕಾರಿನ ಮೇಲಿನ ತಾಡಪತ್ರಿ ನಾನು ತೆಗೆದಿರಲಿಲ್ಲ. ಬರುವವರಿಗೆ ಎಂಜಿನ್ ಆದರೂ ಕೇಳಿಸಬೇಕಲ್ಲ ಎಂದು ಶುಕ್ರವಾರ ಬೆಳಿಗ್ಗೆ ತೆಗೆದೆ. ಬ್ಯಾಟರಿ ಇಳಿದಿತ್ತು. ಗೇಟಿನಿಂದ ಹೊರಗೆ ತಳ್ಳಿದೆ, ನಮ್ಮ ಬೀದಿಯ ಇಳಿಜಾರಿಗೆ ಬಂದಾಗ ಅದು ತಾನೇ ಓಡತೊಡಗಿತು. ಬಾಗಿಲಿಲ್ಲದ ಕಾರಿನ ಒಂದು ಅನುಕೂಲವೆಂದರೆ ಓಡುವಾಗಲೂ ಹತ್ತಬಹುದು. ಅರವತ್ತೆರಡರ ನಾನು ಹಾರಿ ಕೂತೆ, ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಎರಡು ಸಲ ಕೆಮ್ಮಿ ಎದ್ದಿತು. ಎಷ್ಟೋ ತಿಂಗಳ ಮೇಲೆ ನನ್ನ ನಗು ನನಗೇ ಕೇಳಿಸಿತು.

ಈ ಕಾರಿನ ಸುಖ ನಿನಗೆ ನಾನು ಹೇಳಿಯೇ ಇಲ್ಲ. ನಿನ್ನ ಮದುವೆಯ ಮರುವರ್ಷ ತಂದದ್ದು, ನೀನು ಒಮ್ಮೆ ಕೂತು ಹೆದರಿ ಇಳಿದವಳು. ಪುಣೆಯ ನಿವೃತ್ತ ಎಂಜಿನಿಯರ್ ಒಬ್ಬರು ಇಂಗ್ಲೆಂಡಿನ ಹಳೆಯ ಮಾದರಿಯ ನಕ್ಷೆ ಇಟ್ಟುಕೊಂಡು ತಮ್ಮ ಕೈಯಾರೆ ಕಟ್ಟಿದ ಕಾರು ಅದು. ಅವರ ಮೊಣಕಾಲು ಕೈಕೊಟ್ಟದ್ದರಿಂದ ನನಗೆ ಸಿಕ್ಕಿತು. ಆಯುಷ್ಯವೆಲ್ಲ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ಜೋಡಿಸಿದವನಿಗೆ ಒಂದು ಹಗುರಾದ ಗಾಡಿಯ ಆಸೆ ಇತ್ತು. ತಲೆಯ ಮೇಲೆ ಟಪ್ಪಿಲ್ಲ, ಕಿಟಕಿಯಿಲ್ಲ, ರೇಡಿಯೋ ಇಲ್ಲ. ಇರುವುದು ನಾಲ್ಕು ಗಾಲಿ, ಎರಡು ಸೀಟು, ಒಂದು ಸ್ಟೇರಿಂಗ್, ಮುಂದೆ ಅಂಗೈಯಗಲದ ಗಾಜು. ಮುಂದಿನ ಗಾಲಿಗಳು ಮಡಗಾರ್ಡ್ ಹಾಕಿಕೊಂಡು ಸೈಕಲ್ಲಿನ ಹಾಗೆ ಹೊರಗೇ ಇರುತ್ತವೆ, ತಿರುಗುವುದು ಕಣ್ಣಿಗೆ ಕಾಣುತ್ತದೆ. ತೂಕ ಒಂದು ಒಳ್ಳೆಯ ಎಮ್ಮೆಯಷ್ಟು. ಹಗುರಾದದ್ದಕ್ಕೆ ಜೀವ ಜಾಸ್ತಿ. ನೀನು ಸ್ಟೇರಿಂಗ್ ತಿರುಗಿಸುವ ಮೊದಲೇ, ತಿರುಗಬೇಕು ಅಂದುಕೊಂಡಾಗಲೇ ತಿರುಗಿರುತ್ತದೆ. ರಸ್ತೆಯ ಮೇಲೆ ಒಂದು ಹರಳಿದ್ದರೂ ಅಂಗೈಗೆ ತಿಳಿಯುತ್ತದೆ. ಮೊದಲ ಸಲ ಪೆಟ್ರೋಲ್ ಹಾಕಿಸಲು ಹೋದಾಗ ಪಂಪಿನ ಬಾಲರಾಜ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸಾಬ್, ಬಾಕಿ ಗಾಡಿ ಯಾವಾಗ ಬರ್ತದ್ರಿ?" ಎಂದು ಕೇಳಿದ್ದ. ಶುಕ್ರವಾರವೂ ಅದನ್ನೇ ಕೇಳಿದ, ಆದರೆ ಎಡಗಡೆಯ ಖಾಲಿ ಸೀಟು ನೋಡಿ ತಕ್ಷಣ ತಲೆ ತಗ್ಗಿಸಿದ. ಟ್ಯಾಂಕ್ ತುಂಬಿಸಿ, ಗಾಳಿ ನೋಡಿ, ಗಾಜನ್ನು ತಾನೇ ಒರೆಸಿ ಕಳಿಸಿದ.

ನಾರಾಯಣಖೇಡ್ ದಾರಿ ಹಿಡಿದೆ. ನಿಮ್ಮವ್ವನ ಪ್ರೀತಿಯ ದಾರಿ. ಬಲಗಡೆ ಜೋಳ ತೆನೆಗೆ ಬಂದಿದೆ, ಎಡಗಡೆ ತೊಗರಿ ಕೊಯ್ಲು. ಮಂಜು ಇನ್ನೂ ಕೆಳಗೇ ಇತ್ತು. ಕೂತರೆ ನೆಲ ಒಂದು ಗೇಣು ಕೆಳಗಿರುವ ಕಾರಿನಲ್ಲಿ ಹೊಲದ ವಾಸನೆ ನೇರ ಮೂಗಿಗೇ ಬರುತ್ತದೆ. ರಾಯಿಕೋಡಿಗಿಂತ ಮೊದಲ ನೇರ ರಸ್ತೆಯಲ್ಲಿ ಕಾಲು ಒತ್ತಿದೆ. ಕಣ್ಣಿನಲ್ಲಿ ನೀರು ಬಂತು. ಗಾಳಿಗೆ ಬಂತೆಂದೇ ಡೈರಿಯಲ್ಲಿ ಬರೆದಿದ್ದೇನೆ.

ಆಮೇಲೆ ಮೊದಲ ಉಬ್ಬು ಬಂತು. ನಮ್ಮ ಕಡೆಯ ರಸ್ತೆ ಉಬ್ಬುಗಳು ನಿನಗೆ ಗೊತ್ತಲ್ಲ, ಪ್ರತಿ ಊರಿನವರೂ ತಮ್ಮ ಊರಿನದೇ ಎತ್ತರವಿರಲಿ ಎಂದು ಕಟ್ಟಿಸಿದ ಹಾಗಿರುತ್ತವೆ. ಈ ಕಾರಿನಲ್ಲಿ ಇಬ್ಬರು ಕೂತರೆ ಹೊಟ್ಟೆ ಉಬ್ಬಿಗೆ ತಾಗುತ್ತದೆ, ಒಬ್ಬರು ಇಳಿದರೆ ದಾಟುತ್ತದೆ. ಹಾಗಾಗಿ ಪ್ರತಿ ಉಬ್ಬಿನ ಮುಂದೆ ನಾನು ನಿಲ್ಲಿಸುವುದು, ನಿಮ್ಮವ್ವ ಸೀರೆ ಎತ್ತಿ ಹಿಡಿದು ಇಳಿದು, ನಡೆದು ದಾಟಿ, ಆ ಕಡೆ ಮತ್ತೆ ಹತ್ತುವುದು. "ಎಲ್ಲಾರ ಗಂಡಂದಿರು ಹೆಂಡರಿಗಿ ಕಾರಿನ್ಯಾಗ ಕೂಡ್ಸಿಕೊಂಡು ಹೋಗ್ತಾರ, ನೀವು ಕಾರಿನ ಮುಂದ ನಡಸ್ಕೊಂಡು ಹೋಗ್ತೀರಿ" ಅನ್ನುತ್ತಿದ್ದಳು. ಅಂದರೂ ಭಾನುವಾರ ಬೆಳಗಾದರೆ ಮೊದಲು ತಲೆಗೆ ಸ್ಕಾರ್ಫ್ ಕಟ್ಟಿ ಗೇಟಿನಲ್ಲಿ ನಿಲ್ಲುವವಳು ಅವಳೇ. ಶುಕ್ರವಾರ ನಾನು ರೂಢಿಯಂತೆ ಉಬ್ಬಿನ ಮುಂದೆ ನಿಲ್ಲಿಸಿದೆ. ನಿಲ್ಲಿಸಿ ಕಾದೆ. ಹಿಂದೆ ಆಟೋದವನು ಹಾರ್ನ್ ಹೊಡೆದ. ಯಾರೂ ಇಳಿಯಬೇಕಾಗಿಲ್ಲ ಎಂದು ಆಗ ತಿಳಿಯಿತು. ಕಾರು ಏನೂ ತಾಗದೆ ಹೂವಿನ ಹಾಗೆ ದಾಟಿತು. ಮಾರಿಬಿಡುವುದೇ ಸರಿ ಎಂದು ಅಲ್ಲೇ ನಿಶ್ಚಯ ಮಾಡಿದೆ.

ರಾಯಿಕೋಡ್ ದಾಟಿದ ಮೇಲಿನ ಊರಿನ ಉಬ್ಬಿಗೆ ಹತ್ತಿಯೇ ಮಾಣಿಕಮ್ಮ ಎಂಬ ರೈತ ಹೆಣ್ಣುಮಗಳ ಮನೆ. ಅವಳು ರಸ್ತೆಯ ಮೇಲೆ ತೊಗರಿ ಕಟ್ಟಿಗೆ ಹರವುತ್ತಾಳೆ, ಲಾರಿಗಳು ಹಾದು ಕಾಯಿ ಒಡೆಯಲಿ ಎಂದು. "ನಿಮ್ಮ ಗಾಡಿ ಹಾದ್ರ ಒಂದು ಕಾಯಿ ಸೈತ ಒಡ್ಯಾಂಗಿಲ್ಲ, ಅಕ್ಕೋರು ನಡದ್ರ ನಾಕು ಒಡೀತಾವ" ಎಂದು ಚೇಷ್ಟೆ ಮಾಡುತ್ತಿದ್ದವಳು ಅವಳೇ. ಅವರಿಬ್ಬರೂ ಉಬ್ಬಿನ ಹತ್ತಿರ ನಿಂತು ಮಾತಾಡುತ್ತಿದ್ದರು. ನಾನು ಆ ಕಡೆ ಎಂಜಿನ್ ಚಾಲೂ ಇಟ್ಟು ಕಾಯುತ್ತಿದ್ದೆ, ಏನು ಮಾತು ಎಂದು ಒಮ್ಮೆಯೂ ಕೇಳಿರಲಿಲ್ಲ. ಮಾಣಿಕಮ್ಮ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಬೈದು, "ಅಕ್ಕೋರಿಗಿ ಎಲ್ಲಿ ಬಿಟ್ಟು ಬಂದ್ರಿ ಅಣ್ಣಾರ?" ಅಂದಳು.

ಹೇಳಲೇಬೇಕಾಯಿತು. ಅವಳು ತೊಗರಿಯ ಮೇಲೆಯೇ ಕುಸಿದು ಕೂತು ಸೆರಗು ಬಾಯಿಗೆ ಹಿಡಿದಳು. ನಾನೂ ಇಳಿದು ಪಕ್ಕದಲ್ಲಿ ಕೂತೆ. ಲಾರಿಗಳು ನಮ್ಮನ್ನು ಸುತ್ತಿಕೊಂಡು ಹೋದವು. ಸ್ವಲ್ಪ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು, ಮಗಳಿಗೆ ಏನಾದರೂ ವಿಶೇಷವಿದೆಯೇ ಎಂದು ಕೇಳಿದಳು. ಏಳನೆಯ ತಿಂಗಳು ಅಂದೆ. ಅವಳ ಮುಖ ಬೇರೆಯೇ ಆಯಿತು. ಯಾವಾಗ ಕರೆತರುತ್ತೀರಿ ಅಂದಳು. ನಾನು ಹೂಂ ಅಂದೆ. "ಹೂಂ ಅಂದ್ರ ಯಾವ ದಿನ?" ಅಂದಳು.

ಉತ್ತರಕ್ಕೆ ಕಾಯಲಿಲ್ಲ. ಸೊಸೆಗೆ ತೊಗರಿ ನೋಡಿಕೋ ಎಂದು ಕೂಗಿ ಹೇಳಿ, ಎಡಗಡೆಯಿಂದ ಕಾಲು ಎತ್ತಿ ಹಾಕಿ, ನಿಮ್ಮವ್ವನ ಸೀಟಿನಲ್ಲಿ ಕೂತುಬಿಟ್ಟಳು. ಭೀಮಮ್ಮನಿಗೆ ಈಗಿಂದೀಗ ತಿಳಿಸಬೇಕು, ನಡೆಯಿರಿ ಅಂದಳು. ಭೀಮಮ್ಮ ಮುಂದಿನ ಊರಿನವಳು, ಸುತ್ತಿನ ಹಳ್ಳಿಗಳ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ಎರೆಯುವವಳು. ಕಾರು ಹೊರಟಾಗ ಮಾಣಿಕಮ್ಮ ಒಮ್ಮೆ ಚೀರಿದಳು, ಆಮೇಲೆ ನಗಲು ಶುರುಮಾಡಿದಳು. ನಗುತ್ತ ನಗುತ್ತ ಅಳುತ್ತಿದ್ದಳು. ಸೆರಗು ಹಿಂದೆ ಬಾವುಟದ ಹಾಗೆ. ಹೊಲದಲ್ಲಿದ್ದವರೆಲ್ಲ ಕುಡುಗೋಲು ಬಿಟ್ಟು ನೋಡಿದರು, ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿದಳು. ನನಗೂ ಮೈಮರೆಯಿತು. ಭೀಮಮ್ಮನ ಊರಿನ ಉಬ್ಬಿನಲ್ಲಿ ನಿಲ್ಲಿಸಲಿಲ್ಲ. ಕಾರಿನ ಹೊಟ್ಟೆ ಕರ್ರ್ ಎಂದು ಉದ್ದಕ್ಕೆ ಉಜ್ಜಿತು. ಎಂಟು ತಿಂಗಳಿಂದ ನನಗೆ ಬೇಕಾಗಿದ್ದ ಸದ್ದು ಅದೇ ಎಂದು ಕೇಳಿದ ಮೇಲೆ ಗೊತ್ತಾಯಿತು. ಕೆಳಗೆ ಬಣ್ಣ ಹೋಗಿದೆ. ಹೋಗಲಿ.

ಭೀಮಮ್ಮ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿದಳು. ಅವಳು ಅಳಲಿಲ್ಲ. ನಿಮ್ಮವ್ವನ ಹೆಸರು ಹಿಡಿದು, ಸುಮಿತ್ರಾಬಾಯಿಯವರಿಗೆ ಮಾತು ಕೊಟ್ಟಿದ್ದೇನೆ, ಅವರ ಮಗಳ ಚೊಚ್ಚಲ ಬಾಣಂತನಕ್ಕೆ ಜಹೀರಾಬಾದಿಗೆ ಬಂದು ಇದ್ದು ಎರೆಯುತ್ತೇನೆ ಎಂದು, ಅಂದಳು. ಮಾಣಿಕಮ್ಮ ತಾನು ಹೊಸ ಜೋಳದ ಹಿಟ್ಟು, ಸಬ್ಬಸಿಗೆ, ಬೆಳ್ಳುಳ್ಳಿ ಕೊಡುವುದಾಗಿ ಒಪ್ಪಿದ್ದಳಂತೆ. ನಿನಗೆ ಇನ್ನೂ ದಿನ ತಪ್ಪುವ ಮೊದಲೇ ನಿಮ್ಮವ್ವ ಉಬ್ಬಿನಿಂದ ಉಬ್ಬಿಗೆ ನಡೆದು ಇಷ್ಟೆಲ್ಲ ಏರ್ಪಾಡು ಮಾಡಿ ಇಟ್ಟಿದ್ದಳು. ಆಗ ನಾನು ರಸ್ತೆಯ ತಿರುವುಗಳನ್ನು ಎಣಿಸುತ್ತಿದ್ದೆ. ಆದರೆ ಈಗ ಅವಳೇ ಇಲ್ಲವಲ್ಲ, ನನ್ನಂಥವನ ಮನೆಗೆ ಮಗಳು ಹೇಗೆ ಬಂದಾಳು ಎಂದು ತಡವರಿಸಿದೆ. ಭೀಮಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎರ್ಕೊಳ್ಳಾಕಿ ಮಗಳು, ಎರಿಯಾಕಿ ನಾ. ಇದರಾಗ ನಿಮ್ಮದೇನದ್ರಿ? ನೀವು ನೀರು ಕಾಸ್ರಿ" ಅಂದಳು.

ಸೀಮಂತದ ಕುಬಸಕ್ಕೆ ಹಸಿರು ಸೀರೆ ತಂದಿರಾ ಎಂದು ಮುಂದಿನ ಪ್ರಶ್ನೆ. ಇಲ್ಲ ಅಂದದ್ದೇ ತಪ್ಪಾಯಿತು. ಇಬ್ಬರೂ ನಾರಾಯಣಖೇಡಿಗೆ ಹೊರಟು ನಿಂತರು. ನನ್ನದು ಬಿಟ್ಟರೆ ಇರುವುದು ಒಂದೇ ಸೀಟು, ಬಸ್ಸಿನಲ್ಲಿ ಹೋಗಲು ಇಬ್ಬರೂ ತಯಾರಿಲ್ಲ. ಕಡೆಗೆ ಭೀಮಮ್ಮನನ್ನು ಅಂಗಡಿಯ ಮುಂದೆ ಇಳಿಸಿ, ಮಾಣಿಕಮ್ಮನಿಗಾಗಿ ವಾಪಸ್ ಬಂದೆ. ಉಬ್ಬು ಬಂದಲ್ಲೆಲ್ಲ ಅವರು ಇಳಿದು, ನಡೆದು, ಮತ್ತೆ ಹತ್ತಿದರು. ಭೀಮಮ್ಮ ದಾಟಿದ ಕಡೆಯೆಲ್ಲ ಅವಳು ಎರೆದು ಬೆಳೆಸಿದ ಯಾರೋ ಒಬ್ಬರು ಸಿಕ್ಕು, ಹದಿನೈದು ನಿಮಿಷದ ದಾರಿಗೆ ಒಂದು ತಾಸು ಹಿಡಿಯಿತು. ಅಂಗಡಿಯವನು ಇಡೀ ಕಪಾಟು ಇಳಿಸಿದ. ಒಂದು ಹಸಿರು ಗಿಳಿಯ ಹಾಗಿದೆ ಎಂದು ಬೇಡವಾಯಿತು, ಇನ್ನೊಂದು ಪಾಚಿಯ ಹಾಗಿದೆ ಎಂದು. ಆರಿಸಿದ್ದು ಎಳೆ ತೊಗರಿ ಕಾಯಿಯ ಬಣ್ಣ, ಅಂಚು ಕೆಂಪು. ನಿನಗೆ ಒಪ್ಪುತ್ತದೆ. ಬಳೆಗೆ ನಿನ್ನ ಕೈಯ ಅಳತೆ ಎಷ್ಟು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಮಾಣಿಕಮ್ಮನಿಗೆ ಗೊತ್ತಿತ್ತು.

ಇಬ್ಬರನ್ನೂ ಮನೆ ಮುಟ್ಟಿಸಿ ಸಂಜೆಯ ಬಿಸಿಲಿನಲ್ಲಿ ಒಬ್ಬನೇ ವಾಪಸ್ ಬರುವಾಗ ತಾಂಡೂರಿನ ದಾರಿ ನೆನಪಾಯಿತು. ನಿಮ್ಮವ್ವನ ತವರೂರು ತಾಂಡೂರು. ಅವಳ ತಾಯಿ ನೀನು ಹುಟ್ಟುವ ಮೊದಲೇ ತೀರಿದ್ದರು, ಮನೆಯಿದ್ದ ಜಾಗದಲ್ಲಿ ಈಗ ಫರಸಿಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಆದರೂ ವರ್ಷಕ್ಕೊಮ್ಮೆ ಕೊಹೀರ್ ಮೇಲೆ ಹಾಯ್ದು ಅಲ್ಲಿಗೆ ಹೋಗಲೇಬೇಕು. ಕಾರ್ಖಾನೆಯ ಎದುರು ಚಹಾ ಕುಡಿದು, ಕಲ್ಲಿನ ಬಿಳಿ ಧೂಳನ್ನು ಸೀರೆಯ ಮೇಲೆ ಹಾಗೇ ಇಟ್ಟುಕೊಂಡು ವಾಪಸ್ ಬರುವುದು. ಯಾರೂ ಇಲ್ಲದ ತವರಿಗೆ ಯಾಕೆ ಹೋಗುತ್ತೀ ಎಂದು ಒಮ್ಮೆ ಕೇಳಿದ್ದೆ. "ದಾರಿ ಅದ ಅಲ್ರಿ" ಅಂದಿದ್ದಳು. ಆಗ ನನಗೆ ಅರ್ಥವಾಗಿರಲಿಲ್ಲ.

ಕಾಗದ ಬಹಳ ಉದ್ದವಾಯಿತು. ನಿನ್ನ ಅತ್ತೆ-ಮಾವನವರಿಗೆ ನನ್ನ ನಮಸ್ಕಾರ ತಿಳಿಸು, ಅಮೇಯ ಅವರಿಗೆ ಆಶೀರ್ವಾದ. ಹೊಟ್ಟೆಯಲ್ಲಿರುವ ಕೂಸಿಗೆ ಅಜ್ಜ ಕೇಳಿದನೆಂದು ಹೇಳು. ನೀನೂ ಅದೂ ತಣ್ಣಗೆ, ಸುಖವಾಗಿರಿ.

ನಿನ್ನ ಅಪ್ಪ,
ರಾಮಚಂದ್ರ

ತಾ.ಕ.: ಲಕೋಟೆ ಅಂಟಿಸಿ ಚಪ್ಪಲಿ ಮೆಟ್ಟಿದವನು ಮತ್ತೆ ಒಡೆದು ಕೂತಿದ್ದೇನೆ. ಇಷ್ಟು ಬರೆದರೂ ಹೇಳಬೇಕಾದದ್ದನ್ನು ಬರೆದೇ ಇಲ್ಲ. ಫೋನಿನಲ್ಲಿ ಎರಡು ಸಲ ಹೂಂ ಅಂದೆನಲ್ಲ, ಎರಡನ್ನೂ ವಾಪಸ್ ತೆಗೆದುಕೊಂಡಿದ್ದೇನೆ. ಮಿಲಿಂದ್ ಅವರಿಗೆ ಬರಬೇಡಿ ಎಂದು ತಿಳಿಸಿಯಾಯಿತು. ನೀನು ಬಾ, ತಾಯೀ. ಸೀರೆ ತೆಗೆದುಕೊಂಡು ಕುಬಸಕ್ಕೆ ನಾನೇ ಬರುತ್ತೇನೆ, ದೇವಿಕಾಬಾಯಿಯವರನ್ನು ಬಾಯಿಬಿಟ್ಟು ಕೇಳುತ್ತೇನೆ, ಕಾರ್ಯ ಮುಗಿಸಿ ಬಾಗಿಲೂ ಟಪ್ಪೂ ಇರುವ ದೊಡ್ಡ ಗಾಡಿಯಲ್ಲಿ ನಿಧಾನವಾಗಿ ಕರೆತರುತ್ತೇನೆ. ನೀರಿನ ಹಂಡೆ ತಿಕ್ಕಿ ಇಟ್ಟಿದ್ದೇನೆ. ಬಾಣಂತನ ಮುಗಿದ ಮೇಲೆ ಒಂದು ಬೆಳಿಗ್ಗೆ ಕೂಸನ್ನು ಭೀಮಮ್ಮನ ಕೈಯಲ್ಲಿ ಕೊಟ್ಟು, ಎಡಗಡೆ ಕೂತು ನನ್ನ ಜೊತೆ ಬಾ. ಉಬ್ಬಿನ ಮುಂದೆ ನಿಲ್ಲಿಸುತ್ತೇನೆ. ಕಾರು ನನ್ನೊಬ್ಬನಿಗೆ ಬಹಳ ಹಗುರಾಗಿದೆ. ಇದು ಮುಟ್ಟಿದ ದಿನ ಫೋನ್ ಮಾಡು. ಹೆಚ್ಚು ಮಾತು ಬೇಡ, ಹೂಂ ಅಂದರೆ ಸಾಕು.