ವಿಂಡೋಸ್ ಏಳರಲ್ಲಿ ಏಳದ ಬೆಕ್ಕು

ಫರಂಗಿಪೇಟೆ
೧೨ ಡಿಸೆಂಬರ್ ೨೦೦೯

ಪ್ರೀತಿಯ ಮಗಳು ಫರ್ಹಾನಾ, ಅಸ್ಸಲಾಮು ಅಲೈಕುಮ್.

ಸೌದಿಯ ದಮ್ಮಾಮಿನಲ್ಲಿ ಎಲ್ಲರೂ ಸೌಖ್ಯವಾ? ನಿನ್ನ ಬೆನ್ನುನೋವು ಕಡಿಮೆಯಾಯಿತಾ? ನನ್ನ ಮಂಡಿ ಈಗ ನನಗಿಂತ ಹೆಚ್ಚು ಮಾತಾಡುತ್ತದೆ. ಎದ್ದರೆ ಕಟಕಟ, ಕೂತರೆ ಕಟಕಟ. ಫೋನಿನಲ್ಲಿ ಹೇಳುವ ಅಂದರೆ ನಿನ್ನ ಉಮ್ಮ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಈ ಕಾಗದ.

ನಮ್ಮ ಟೈಪಿಂಗ್ ಅಂಗಡಿಯ ಕಂಪ್ಯೂಟರ್ ಕಳೆದ ತಿಂಗಳು ಸಿಡಿಲಿಗೆ ಹೋಯಿತು. ರಿಪೇರಿಯ ನಿತ್ಯಾನಂದ ಹೊಸದು ತಂದ. ಅದರಲ್ಲಿ ವಿಂಡೋಸ್ ಏಳು. ನೀನು ಟೈಪ್ ಮಾಡುತ್ತಿದ್ದ ಹಳೆಯ ಪ್ರೋಗ್ರಾಮು, ಆಫೀಸ್ ಎರಡು ಸಾವಿರವನ್ನೇ ಹಾಕು ಅಂತ ಹಠ ಹಿಡಿದೆ. "ಮಮ್ಮು ಸಾಹೇಬ್ರೇ, ಹೊಸ ಮನೆಗೆ ಹಳೇ ಹೆಂಡತಿಯಾ?" ಅಂದ. "ಹಳಬಳು ಬಾರದಿದ್ರೆ ಅದು ಮನೆಯೇ ಅಲ್ಲ ಮಾರಾಯ" ಅಂದೆ. ಹಾಕಿದ. ಸಿ.ಡಿ.ಯಲ್ಲಿ ಉಳಿದಿದ್ದ ನಿನ್ನ ಕಾಲದ ಮದುವೆ ಕಾಗದ, ಪಂಚಾಯತಿನ ಅರ್ಜಿ ಎಲ್ಲ ತೆರೆಯಿತು. ಬೆಕ್ಕು ಮಾತ್ರ ಬರಲಿಲ್ಲ. ಪರದೆಯ ಮೂಲೆಯಲ್ಲಿ ಬಾಲ ಅಲ್ಲಾಡಿಸಿಕೊಂಡು ಕೂರುತ್ತಿತ್ತಲ್ಲ, ಆಫೀಸಿನ ಜೊತೆಗೇ ಬರುವ ಕ್ಲಿಪ್ಪಿನ ಗೊಂಬೆಯನ್ನು ಓಡಿಸಿ ನೀನೇ ತಂದು ಕೂರಿಸಿದ ಹಳದಿ ಬೆಕ್ಕು, ಅದು. ವಿಂಡೋಸಿನ ಹೆಸರೇ ಏಳು, ಆದರೂ ಎಷ್ಟು 'ಏಳು ಏಳು' ಅಂದರೂ ಬೆಕ್ಕು ಏಳಲಿಲ್ಲ.

ನಗಬೇಡ. ಉಮ್ಮನ ನೆನಪು ತೀರಾ ಹೋಗಿದೆ. ನಿನಗೆ ಇಷ್ಟು ದಿನ ಸಕ್ಕರೆ ಹಾಕಿ ಹೇಳಿದೆ. ನಿನಗೆ ಮದುವೆಯಾದದ್ದೂ ಅವಳಿಗೆ ಗೊತ್ತಿಲ್ಲ. ಮೊನ್ನೆ ನಿನ್ನ ಫೋನ್ ಇಟ್ಟ ಮೇಲೆ, "ಒಳ್ಳೆ ಹೆಂಗಸು, ಯಾರದು?" ಅಂತ ಕೇಳಿದಳು. ಆದರೂ ಮಧ್ಯಾಹ್ನ ಅಂಗಳ ದಾಟಿ ಅಂಗಡಿಗೆ ನಿನಗೆ ಟಿಫಿನ್ ತರುವುದು ತಪ್ಪಿಲ್ಲ. ಹಳೆಯ ಕಂಪ್ಯೂಟರ್ ಇದ್ದಾಗ ಮೊದಲು ನಿನ್ನ ಖಾಲಿ ಕುರ್ಚಿ ನೋಡುತ್ತಿದ್ದಳು, ಆಮೇಲೆ ಪರದೆ. "ಬೆಕ್ಕು ಉಂಟಲ್ಲ, ಹಾಗಾದ್ರೆ ಫರ್ಹಾನಾ ಕೈ ತೊಳೀಲಿಕ್ಕೆ ಹೋಗಿದ್ದಾಳೆ" ಅಂತ ಸಮಾಧಾನವಾಗಿ ತಾನೂ ಎರಡು ತುತ್ತು ತಿನ್ನುತ್ತಿದ್ದಳು.

ಹೊಸದು ಬಂದ ದಿನ ಬೆಕ್ಕಿಲ್ಲದ ಪರದೆ ನೋಡಿದವಳು ಕೇಳಿದಳು: "ನಮ್ಮ ಮಗಳು ತೀರಿಹೋದ್ಳಾ? ನನ್ನತ್ರ ಯಾಕೆ ಹೇಳಲಿಲ್ಲ?" ಪಕ್ಕದ ಮನೆಯ ಅವ್ವಮ್ಮನಿಗೂ ಹೇಳಿ ಬಂದಳು. ಅವ್ವಮ್ಮ ಕಣ್ಣೊರೆಸಿಕೊಂಡು, ತೀರಿಹೋದವರಿಗಾಗಿ ಯಾಸೀನ್ ಓದಲು ಹೆಂಗಸರನ್ನು ಕರಕೊಂಡು ಬಂದಳು. ನೀನು ಬದುಕಿದ್ದೀ ಅಂತ ನಾನು ಬಾಗಿಲಲ್ಲಿ ನಿಂತು ಆಣೆ ಹಾಕಬೇಕಾಯಿತು. ಊರಿಗೆಲ್ಲ ಸುಳ್ಳು ಹೇಳಿ ನಗಿಸಿದವನಲ್ಲವಾ, ನಿಜವನ್ನು ಯಾರೂ ಬೇಗ ನಂಬಲಿಲ್ಲ.

ಅಂದಿನಿಂದ ಉಮ್ಮ ಸರಿಯಾಗಿ ತಿನ್ನುವುದಿಲ್ಲ. ನಿನ್ನೆ ನಾನು ಟೇಬಲಿನ ಅಡಿಯಲ್ಲಿ ಕೂತು ಮಿಯಾಂವ್ ಅಂದೆ. ಬಗ್ಗಿ ನೋಡಿದಳು. "ಬೆಕ್ಕಲ್ಲ, ನೀವು" ಅಂದಳು. ನನ್ನ ದನಿಯಾದರೂ ನೆನಪುಂಟಲ್ಲ ಅಂತ ನಗಲಿಕ್ಕೆ ಹೋದೆ, ಆಗಲಿಲ್ಲ. ಟಿಫಿನ್ ತೆರೆಯದೆ ವಾಪಸು ತೆಗೆದುಕೊಂಡು ಹೋದಳು.

ಅಳಿಯ ರಿಝ್ವಾನನಿಗೆ ಸಲಾಂ. ಮೊಮ್ಮಗಳು ಹನಾಳಿಗೆ ಈ ಅಜ್ಜನ ಗಡ್ಡ ಚುಚ್ಚುವ ಒಂದು ಮುತ್ತು. ಅಲ್ಲಾಹು ನಿಮ್ಮೆಲ್ಲರನ್ನು ಕಾಯಲಿ.

ನಿನ್ನ ಉಪ್ಪ,
ಮಮ್ಮು

ಮತ್ತೆ ಸೇರಿಸಿದ್ದು: ಕಾಗದ ಮಡಚುವಾಗ ನಿತ್ಯಾನಂದ ಬಂದ. ಇಂಟರ್ನೆಟ್ಟಿನಿಂದ ಎಂಥದೋ ಇಳಿಸಿ ಹಾಕಿದ, ಬೆಕ್ಕು ಎದ್ದಿತು! ಉಮ್ಮ ನಕ್ಕಳು. ಆದರೆ ಈ ಸಲ ಒಬ್ಬಳೇ ತಿನ್ನಲು ಒಪ್ಪುತ್ತಿಲ್ಲ. ಎರಡು ಬಟ್ಟಲು ಇಟ್ಟು, "ಕೈ ತೊಳೆದು ಬರಲಿ, ಒಟ್ಟಿಗೆ ತಿನ್ನುವ" ಅಂತ ಬಾಗಿಲು ನೋಡುತ್ತಾ ಕೂತಿದ್ದಾಳೆ. ಈಗ ಬರ್ತಾಳೆ ಅಂತ ಹೇಳಿದ್ದೇನೆ. ನನ್ನ ಬೇರೆ ಸುಳ್ಳೆಲ್ಲ ಸುಳ್ಳಾಗಿಯೇ ಇರಲಿ. ಇದೊಂದನ್ನು ನಿಜ ಮಾಡಲಿಕ್ಕೆ ಬಾ ಮಗಳೇ.