ನನ್ನ ಹೆಂಡತಿಯ ಹೆಸರಿನಲ್ಲಿ ಕರಡಿ ಹೊಡೆಯಬೇಡಿ

ಮಾನ್ಯ ಅರಣ್ಯಾಧಿಕಾರಿಗಳೇ,

ನಮ್ಮೂರ ಗುಡ್ಡದ ಕರಡಿಗಳನ್ನು ಬೇಟೆಗಾರರಿಂದ ಹೊಡೆಸಿ ಸಂಖ್ಯೆ ಇಳಿಸಬೇಕೆಂದು ಕುವೈತಿನಿಂದ ತಮಗೆ ಬಂದ ಮನವಿಯಲ್ಲಿ ಮೊದಲ ಸಹಿ ನನ್ನದು. ಮೊದಲ ಸಾಕ್ಷ್ಯ ನನ್ನ ಹೆಂಡತಿ ಗೌರವ್ವನ ಸಾವು. ಸಹಿ ನಿಜ, ಸಾಕ್ಷ್ಯ ಸುಳ್ಳು. ಗೌರವ್ವನನ್ನು ಕರಡಿ ಕೊಂದಿಲ್ಲ. ಹೀಗೆಂದು ಎರಡು ಪತ್ರ ಬರೆದೆ, ಉತ್ತರವಿಲ್ಲ. ಸುಳ್ಳು ಮನವಿಗೆ ಮಾತ್ರ ವಾರದೊಳಗೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತಂತೆ. ಆದ್ದರಿಂದ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಓದದೆ ಯಾಕೆ ಸಹಿ ಹಾಕಿದೆ ಅನ್ನುತ್ತೀರಿ. ಕುವೈತಿನ ಮೀನಾ ಅಬ್ದುಲ್ಲಾ ಎಂಬಲ್ಲಿ ಹದಿನಾಲ್ಕು ವರ್ಷದಿಂದ ಕಂತ್ರಾಟು ಕೆಲಸ. ಇಕಾಮಾ, ಅಂದರೆ ಇಲ್ಲಿರಲು ಬೇಕಾದ ಪರವಾನಗಿ, ಬದಲಿಸುವಾಗ ಅರಬ್ಬಿ ಕಾಗದ ಮುಂದಿಡುತ್ತಾರೆ, ಬೆರಳು ತೋರಿಸಿದಲ್ಲಿ ಗೀಚುತ್ತೇನೆ. ಅಭ್ಯಾಸ ಎಂಥದ್ದೆಂದರೆ, ಅಚ್ಚ ಕನ್ನಡದ ಕಾಗದ ಬಂದರೂ ಕಣ್ಣು ನೇರ ಕೊನೆಯ ಗೆರೆಗೇ ಹೋಗುತ್ತದೆ. ಒಂದು ಶುಕ್ರವಾರ ಊಟದ ಹೊತ್ತಿಗೆ ನಮ್ಮೂರ ಬಸವಂತ ಕಾಗದ ಚಾಚಿದ. "ಕಾಕಾ, ಇಲ್ಲೊಂದು ಸೈನ್ ಒಗೀರಿ. ಯಲ್ಲಾ, ಲಗೂ ಮಾಡ್ರಿ, ಪಲಾವ್ ಆರಾಕತ್ತೈತಿ." ಒಗೆದೆ. ಮರುವಾರ ನಕಲು ತಂದು ಹೆಮ್ಮೆಯಿಂದ ಓದಿ ತೋರಿಸಿದ.

"ಆಕೀನ್ನ ಕರಡಿ ಕೊಂದಿಲ್ಲೋ ತಮ್ಮಾ! ಕಾಮಣಿ ರೋಗಾಗಿ ಹೋದ್ಲು, ಅದೂ ಕರಡಿ ಪರಚಿದ ನಾಕ್ ವರ್ಷದ ಮ್ಯಾಲೆ."

"ಗಾಯ ಆಗಿತ್ತಿಲ್ಲೋ? ಸತ್ತಾರ ಅಂತ ಬರೀದಿದ್ರ ಆಫೀಸ್‌ನಾಗ ಯಾರ್ ಓದ್ತಾರ ಕಾಕಾ? ನಮ್ಮವ್ವ ದಿನಾ ನಸುಕಿನ್ಯಾಗ ಬಯಲಿಗೆ ಹೊಕ್ಕಾಳ, ನನ್ನ ಜೀವ ಇಲ್ಲಿ ಹಾರತೈತಿ. ಈಗ ಖಲಾಸ್, ಫ್ಯಾಕ್ಸ್ ಹೋತು."

ಅವನ ಭಯ ಸುಳ್ಳಲ್ಲ. ಆದರೆ ಗುಡ್ಡವೇ ಕಾಣದ ಈ ಮರಳಿನಲ್ಲಿ ಕೂತು ಕರಡಿ ಹೊಡೆಯುವುದು ಬಹಳ ಸುಲಭ, ಮಾನ್ಯರೇ.

ನಡೆದದ್ದಿಷ್ಟು. ಗೌರವ್ವ ಸೀತಾಫಲಕ್ಕೆಂದು ಗುಡ್ಡ ಹತ್ತಿ, ಬೆನ್ನ ಮೇಲೆ ಮರಿ ಹೊತ್ತ ಕರಡಿಗೆ ಎದುರಾದಳು. ಭುಜ ಹರಿಯಿತು, ಒಂದು ಕಿವಿ ಹೋಯಿತು. ನಾನು ಫೋನಿನಲ್ಲಿ ಕರಡಿಯ ವಂಶವನ್ನೆಲ್ಲ ಬೈಯುತ್ತಿದ್ದರೆ ಅವಳೇ ತಡೆದಳು: "ಸುಮ್ಮನಿರ್ರಿ. ನಾ ಅದರ ಮನೀಗೆ ಹೋಗಿದ್ದೆ, ಅದೇನ್ ನಮ್ಮನೀಗೆ ಬಂದಿದ್ದಿಲ್ಲ."

ಈಗ ಬರುತ್ತಿದೆ, ಒಪ್ಪುತ್ತೇನೆ. ಯಾಕೆ ಬರುತ್ತಿದೆ? ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು 'ಕಾಸ್ ಅಂಡ್ ಎಫೆಕ್ಟ್' ಅಂತ ಏನೋ ಪಾಠ ಮಾಡಿದ್ದರು. ಅರ್ಧ ಮರೆತಿದೆ, ಎಫೆಕ್ಟಿಗೆ ಗುಂಡು ಹೊಡೆದರೆ ಕಾಸ್ ಸಾಯುತ್ತದೆ ಎಂದಂತೂ ಅವರು ಹೇಳಿರಲಿಲ್ಲ. ಕರಡಿಗಳಿದ್ದ ಗುಡ್ಡದ ಗವಿಗಳನ್ನು ಸಿಡಿಸಿ ಜಲ್ಲಿ ಮಾಡಲು ಅನುಮತಿ ಕೊಟ್ಟಾಗ ಯಾವ ಪ್ರಾಣಿಯ ಸಂಖ್ಯೆ ಇಳಿಸುತ್ತಿದ್ದಿರಿ? ಕುವೈತಿಗೆ ಬರುವ ಮೊದಲು ಅಲ್ಲಿ ಡ್ರಿಲ್ ಹಿಡಿದು ಮದ್ದಿನ ಕುಳಿ ಕೊರೆದವನು ನಾನೇ. ಬಂದೂಕಿಗೆ ಗುರಿ ಬೇಕಿದ್ದರೆ ಸರದಿಯಲ್ಲಿ ಕರಡಿಗಿಂತ ಮುಂದೆ ನಾನಿದ್ದೇನೆ; ನನಗಿಂತ ಮುಂದೆ ಆ ಅನುಮತಿಗೆ ಮೊಹರು ಒತ್ತಿದವರು.

ಮನವಿಯಿಂದ ಗೌರವ್ವನ ಹೆಸರು ತೆಗೆಯಿರಿ; ತೆಗೆದದ್ದನ್ನು ಬರಹದಲ್ಲಿ ತಿಳಿಸಿ. ಬಂದೂಕಿನವರನ್ನು ಕರೆಸುವ ಮೊದಲು ಸಿಡಿಮದ್ದಿನವರನ್ನು ಗುಡ್ಡದಿಂದ ಆಚೆ ಕಳಿಸಿ. ಬಸವಂತನ ತಾಯಿಯ ಓಣಿಗೆ ದೀಪ, ಮನೆಗೆ ಪಾಯಿಖಾನೆ ಬರುವಂತೆ ಮಾಡಿ. ಅದು ನಮ್ಮ ಇಲಾಖೆಯಲ್ಲ ಎನ್ನುವುದಾದರೆ ಯಾರದೋ ಅವರ ಬಾಗಿಲು ತಟ್ಟಿ. ಇದಾವುದೂ ಇಲ್ಲದೆ ಬೇಟೆಯ ಆದೇಶ ಹೊರಟರೆ, ಗೌರವ್ವನ ಮರಣ ಪ್ರಮಾಣಪತ್ರ ಹಿಡಿದು ಬಂದು ಗುಡ್ಡದ ದಾರಿಗೆ ಅಡ್ಡ ಕೂರುತ್ತೇನೆ. ನನ್ನನ್ನು ಕೆಲಸಕ್ಕಿಟ್ಟ ಇಲ್ಲಿನ ಧಣಿ, ಕಫೀಲ್, ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬರುತ್ತೇನೆ. 'ಐ ಬೆಗ್ ಟು ರಿಮೇನ್' ಎಂದು ಪತ್ರ ಮುಗಿಸಲು ಕಲಿಸಿದ್ದರು. ಬೆಗ್ ಮಾಡುವುದಿಲ್ಲ. ರಿಮೇನ್ ಆಗುತ್ತೇನೆ, ಆ ದಾರಿಯಲ್ಲೇ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ಗೌರವ್ವನ ಗಂಡ ಈರಯ್ಯ
ಮೀನಾ ಅಬ್ದುಲ್ಲಾ, ಕುವೈತ್
ನವೆಂಬರ್ 2006