ಆ ದಿನಕ್ಕೆಂದು ಎತ್ತಿಟ್ಟ ದನಿ

ಅತ್ತೆಯವರಿಗೆ ಅಳಿಯನ ನಮಸ್ಕಾರ.

ನೀವು ಕೇಳಿದ್ದ ನಿಮ್ಮ ಮಗಳ ದನಿ ಸಿಕ್ಕಿತು, ಆದರೆ ತರಲಾಗುವುದಿಲ್ಲ. ಅವಳು ತೀರಿಕೊಂಡ ಮೇಲೆ ರೇಡಿಯೊದವರು ಅವಳು ಓದಿದ ಸುದ್ದಿಯನ್ನೆಲ್ಲ ಅಳಿಸಿದ್ದಾರೆ. ಉಳಿದಿರುವುದು ಒಂದೇ ಟೇಪು. ನಮ್ಮ ಮೇಲೆ ಎಂದಾದರೂ ಅಣುಬಾಂಬ್ ಬಿದ್ದರೆ ಆ ದಿನ ಮನೆಮನೆಗೂ ಕೇಳಿಸಲೆಂದು ರಕ್ಷಣಾ ಇಲಾಖೆ ಅವಳಿಂದ ಓದಿಸಿಟ್ಟದ್ದು. ಇಲ್ಲಿ ಅವರ ಕಚೇರಿಯ ನೆಲಮಾಳಿಗೆಯ ಕಬ್ಬಿಣದ ಬೀರುವಿನಲ್ಲಿದೆ. ಕೆಟ್ಟಿಲ್ಲವೇ ಎಂದು ತಿಂಗಳಿಗೊಮ್ಮೆ ಹಾಕಿ ನೋಡುತ್ತಾರೆ. ಇವತ್ತು ನನ್ನನ್ನೂ ಕೂರಿಸಿಕೊಂಡರು.

"ಹೆದರಬೇಡಿ. ಮೊದಲು ಕಿಟಕಿ ಮುಚ್ಚಿ. ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ" ಎಂದಳು. ಒಲೆಯ ಮೇಲೆ ಹಾಲಿದೆ, ನೋಡಿಕೊಳ್ಳಿ ಅನ್ನುವಾಗಿನ ಅದೇ ದನಿ. ಕಿಟಕಿ ಮುಚ್ಚಲು ನಾನು ಎದ್ದೇಬಿಟ್ಟೆ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಒಂದು ಪ್ರತಿ ಕೊಡಿ ಎಂದೆ. "ಕಾನೂನಿಲ್ಲ ಯಜಮಾನ್ರೇ. ಆ ದಿನ ಬಂದ್ರೆ ಮನೇಲೇ ಕೂತು ಪುಕ್ಕಟೆ ಕೇಳಬಹುದು ಬಿಡಿ" ಎಂದು ಗುಮಾಸ್ತ ನಕ್ಕ. ಆಮೇಲೆ ಮೆಲ್ಲಗೆ, "ಬಾಂಬ್ ಇಟ್ಕೊಳ್ಳೋದೇ ಕಾನೂನಿಗೆ ವಿರುದ್ಧ ಅಂತ ನಾಳೆ ಕೋರ್ಟು ಹೇಳಿದ್ರೆ ನಮ್ಮ ಕಚೇರಿಗೆ ಬೀಗ. ಇದನ್ನೂ ಸುಡ್ತಾರೆ" ಎಂದ.

ಆ ತೀರ್ಪಿಗೆ ಕಾದು ಕೋರ್ಟಿನ ಮುಂದೆ ಜನ ಸೇರಿದ್ದಾರೆ. ಬಾಂಬ್ ಬೇಡ ಎಂಬ ಫಲಕವೊಂದನ್ನು ನನ್ನ ಕೈಗೂ ಕೊಟ್ಟರು. ಹಿಡಿದು ನಿಂತೆ. ಎಲ್ಲರ ಜೊತೆ ಕೂಗಲು ಬಾಯಿ ಬರಲಿಲ್ಲ.

ನನ್ನ ಮಂಡಿನೋವು ಕಡಿಮೆಯಾಗಿದೆ. ಶುಕ್ರವಾರ ಹೊರಡುತ್ತೇನೆ. ಅಂಚೆಯವನು ಡಬ್ಬಿ ತೆಗೆಯುತ್ತಿದ್ದಾನೆ, ಒಂದೇ ಮಾತು: ಅಟ್ಟದ ಮೇಲಿನ ರೇಡಿಯೊವನ್ನು ಗುಜರಿಯವನಿಗೆ ಕೊಟ್ಟುಬಿಡಬೇಡಿ.

ನಿಮ್ಮ ಅಳಿಯ